ಕೊಡವದೆ ಉಳಿದ ಮಣಿಚೌಕಟ್ಟು

ವುತಾಂಗ್ ಪೇಟೆಯ ಮಿನ್ ಗುಯಿಬಾವ್ ಸಿಟ್ಟಿನ ಹೆಂಗಸು ಎಂದು ಯಾರಾದರೂ ಹೇಳಿದರೆ ಕೇಳಿದವರು ನಗುತ್ತಿದ್ದರು. ಕಾಲುವೆಯಲ್ಲಿ ನೀರಿದೆ ಎಂದು ಓಡಿ ಬಂದು ಹೇಳಿದ ಹಾಗಾಗುತ್ತಿತ್ತು ಅದು. ಮೀನಿನ ದೋಣಿಯವರು ಬೆಳಗ್ಗೆ ಅವಳು ಬಾಗಿಲು ತೆಗೆಯುವ ಸದ್ದು ಕೇಳಿ ಆ ದಿನದ ಹದ ತಿಳಿದುಕೊಳ್ಳುತ್ತಿದ್ದರು. ದಂಡೆಗೆ ಬರಬೇಕೋ, ಸೇತುವೆಯ ಕೆಳಗೆ ಸ್ವಲ್ಪ ಹೊತ್ತು ತಣ್ಣಗೆ ಕಾಯಬೇಕೋ ಎಂಬುದು ಆಗಲೇ ತೀರ್ಮಾನವಾಗುತ್ತಿತ್ತು. ಗಂಡ ದೋಣಿಗಳಿಗೆ ಎಣ್ಣೆ ಬಳಿಯುವವನು. ಒಂದು ಪೇಟೆಯ ದೋಣಿಗಳಿಗೆ ಇಷ್ಟು ಎಣ್ಣೆ ಬೇಕಾಗುತ್ತದೆಯೆ ಎಂದು ಜನ ಬೆರಗಾಗುವಷ್ಟು ಹೊತ್ತು ಅವನು ಮನೆಯ ಹೊರಗಿರುತ್ತಿದ್ದ.

ವಸಂತದಲ್ಲೊಂದು, ಶರತ್ಕಾಲದಲ್ಲೊಂದು ತಿಂಗಳು ಮಾತ್ರ ಆ ಸಿಟ್ಟಿಗೆ ರಜೆ. ಹಿಪ್ಪುನೇರಳೆ ಚಿಗುರಿ, ಮನೆಮನೆಯ ತಟ್ಟೆಗಳಲ್ಲಿ ರೇಷ್ಮೆಕೂಸುಗಳು ಮೇಯಲು ತೊಡಗಿದರೆ ಪೇಟೆಯಲ್ಲಿ ಯಾರೂ ಜಗಳವಾಡುವಂತಿಲ್ಲ. ಕೂಸು ಎಂದೇ ಅನ್ನಬೇಕು. ಹುಳ ಎಂದವರನ್ನು ಅತ್ತೆಯಂದಿರು ಅಂಗಳಕ್ಕೆ ಅಟ್ಟುತ್ತಾರೆ. ದನಿ ಏರಿಸಿದರೆ ಕೂಸುಗಳು ಮೇವು ಬಿಡುತ್ತವೆ, ಗೂಡು ತೆಳ್ಳಗಾಗುತ್ತದೆ. ಹಾಗಾಗಿ ಆ ತಿಂಗಳೆಲ್ಲ ಗಂಡಹೆಂಡಿರು ಪಿಸುಮಾತಿನಲ್ಲಿ ಬೈದುಕೊಂಡು, ಉಳಿದದ್ದನ್ನು ನುಂಗಿಕೊಂಡು, ಗೂಡುಗಳನ್ನು ಬುಟ್ಟಿಗೆ ತುಂಬಿ ಖರೀದಿ ಕಟ್ಟೆಗೆ ತಂದ ದಿನ ಒಟ್ಟಿಗೆ ಕಕ್ಕುತ್ತಿದ್ದರು. ಗೂಡುಕಟ್ಟೆಯಲ್ಲಿ ಆ ದಿನಗಳ ಗಲಾಟೆಯೆಂದರೆ ಎರಡು ರಾಜ್ಯಗಳ ಯುದ್ಧಕ್ಕೆ ಸಾಲುವಂಥದ್ದು. ಆ ಯುದ್ಧದ ನಟ್ಟನಡುವೆ, ಎತ್ತರದ ಮೇಜಿನ ಹಿಂದೆ, ಎದುರಿಗೆ ಲೆಕ್ಕದ ಮಣಿಚೌಕಟ್ಟು ಇಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದವಳು ಗುಯಿಬಾವ್. ತೂಕದವನು ಕೂಗಿದ ತೂಕಗಳನ್ನು ಕೂಡಿಸುವುದು ಅವಳ ಕೆಲಸ.

ಅವಳು ಮದ್ದಿನಂಗಡಿಯ ಮಗಳು. ಅಪ್ಪ ಜ್ಯೇಷ್ಠಮಧು ಕತ್ತರಿಸುತ್ತಾ ಬಾಯಲ್ಲಿ ಮಣಿಯ ಪಾಠ ಹೇಳುತ್ತಿದ್ದ. “ಮೂರು ಕೂಡು: ಐದಿಳಿಸು, ಎರಡು ತೆಗೆ. ಒಂಬತ್ತು ಕೂಡು: ಒಂದು ತೆಗೆ, ಪಕ್ಕಕ್ಕೆ ಒಂದು ಕೊಡು.” ಅಂಗಡಿಯ ಚೌಕಟ್ಟು ಹಳೇ ಮಾದರಿಯದು: ಅಡ್ಡಪಟ್ಟಿಯ ಮೇಲೆ ಪ್ರತಿ ಕಂಬಿಗೂ ಐದರ ಮಣಿ ಎರಡು, ಕೆಳಗೆ ಒಂದರ ಮಣಿ ಐದು. ಒಂದೊಂದು ಕಂಬಿಯಲ್ಲಿ ಹದಿನೈದರವರೆಗೂ ತುಂಬಬಹುದು. ಹದಿನಾರು ಲಿಯಾಂಗಿಗೆ ಒಂದು ಜಿನ್ ಎಂದು ತೂಗುತ್ತಿದ್ದ ಕಾಲಕ್ಕೆ ಅದು ಬೇಕಾಗಿತ್ತು. ಊರಿಗೆಲ್ಲ ಹತ್ತು ಲಿಯಾಂಗಿನ ಜಿನ್ ಬಂದು ಎಷ್ಟೋ ಕಾಲವಾದ ಮೇಲೂ ಮದ್ದಿನಂಗಡಿಯವರು ಮಾತ್ರ ಹದಿನಾರನ್ನು ಬಿಟ್ಟಿರಲಿಲ್ಲ. ಅವರೂ ಬಿಡಬೇಕೆಂದು ಸರ್ಕಾರ ಹೇಳಿದ ವರ್ಷವೇ ಅಪ್ಪ ಅಂಗಡಿಯ ಕೆಲಸ ಬಿಟ್ಟ, ಗುಯಿಬಾವ್ ಗೂಡುಕಟ್ಟೆಗೆ ಸೇರಿದಳು. ಕಂಕುಳಲ್ಲಿ ಅಪ್ಪನ ಚೌಕಟ್ಟು ಇತ್ತು.

ಕಟ್ಟೆಯ ಪದ್ಧತಿ ಜೋಡಿ ಲೆಕ್ಕದ್ದು. ಒಂದೇ ತೂಕವನ್ನು ಇಬ್ಬರು ಬೇರೆಬೇರೆಯಾಗಿ ಕೂಡಿಸಬೇಕು, ಕೊನೆಗೆ ಎರಡೂ ಒಂದೇ ಬಂದರೆ ಮಾತ್ರ ಒಪ್ಪು. ಬೇರೆ ಬಂದರೆ ಇಬ್ಬರೂ ತಮ್ಮ ತಮ್ಮ ಚೌಕಟ್ಟನ್ನು ಕೊಡವಿ, ಮಣಿಗಳನ್ನೆಲ್ಲ ಮನೆಗೆ ಕಳಿಸಿ, ಮೊದಲಿನಿಂದ ಹಿಡಿಯಬೇಕು. ತಮ್ಮ ತಮ್ಮದನ್ನು ಎಂಬುದು ಇಲ್ಲಿ ಮುಖ್ಯ. ಲೆಕ್ಕ ನಿಂತಿರುವ ಬೇರೆಯವರ ಚೌಕಟ್ಟನ್ನು ಮುಟ್ಟುವುದೆಂದರೆ ಊಟಕ್ಕೆ ಕೂತವರ ಬಟ್ಟಲನ್ನು ಮಗುಚಿದಂತೆ. ಕಟ್ಟೆಯ ಬೆಕ್ಕಿಗೂ ಇದು ಗೊತ್ತಿತ್ತು.

ಗುಯಿಬಾವ್‌ಗೆ ಜೋಡಿಯಾಗಿ ಸಿಕ್ಕವರು ಯೆನ್ ಬೋಚೆಂಗ್. ಬಟ್ಟೆಯಂಗಡಿಯಲ್ಲಿ ಪಳಗಿದ ಕೈ, ಎಲ್ಲರೂ ಯೆನ್ ಮೇಷ್ಟ್ರು ಎನ್ನುತ್ತಿದ್ದರು. ಶುಭ್ರ ಮನುಷ್ಯ. ಉಗುರು ಶುಭ್ರ, ಕಾಲರು ಶುಭ್ರ, ಲೆಕ್ಕ ಅದಕ್ಕಿಂತ ಶುಭ್ರ. ಹತ್ತರ ಕಾಲದಲ್ಲಿ ಮೇಲಿನ ಎರಡನೇ ಮಣಿ ದಂಡ ಎಂದು ಅವರ ಮತ. ಮತ ಎಂದರೆ ಬರೀ ಮಾತಲ್ಲ. ತಮ್ಮ ಚೌಕಟ್ಟಿನ ತುದಿಯ ಮಣಿಗಳನ್ನೆಲ್ಲ ಕೆಂಪು ದಾರದಿಂದ ಮರಕ್ಕೆ ಬಿಗಿದು ಕಟ್ಟಿಬಿಟ್ಟಿದ್ದರು. ಗುಯಿಬಾವ್ ಮೊದಲ ದಿನ ಅದನ್ನು ನೋಡಿ, “ಏನ್ ಮೇಷ್ಟ್ರೇ, ಮಣಿಗಳು ಓಡಿ ಹೋಗ್ತಾವೆ ಅಂತ ಭಯವಾ?” ಎಂದು ಕೇಳಿದಳು. ಮೇಷ್ಟ್ರು, “ಬೇಡದ್ದನ್ನ ಬಿಚ್ಚಿಟ್ರೆ ಕೈ ಕೆಡುತ್ತಮ್ಮ,” ಎಂದರು. ಅಲ್ಲಿಗೆ ಎರಡು ಪಂಥಗಳೂ ಬಾವುಟ ನೆಟ್ಟಂತಾಯಿತು.

ಅವಳ ಪಂಥದ್ದು ಬೇರೆ ರೀತಿ. ಕೂಗು ಜೋರಾಗಿ ಬರುವಾಗ ಹತ್ತು ತುಂಬಿದ ಕೂಡಲೇ ಪಕ್ಕದ ಕಂಬಿಗೆ ಸಾಗಿಸುತ್ತಾ ಕೂರುವುದಿಲ್ಲ. ಮೇಲಿನ ಎರಡೂ ಮಣಿ ಇಳಿಸಿ, ಹನ್ನೊಂದೋ ಹನ್ನೆರಡೋ ಅಲ್ಲೇ ನಿಲ್ಲಿಸಿ, ಕೊನೆಯಲ್ಲಿ ಒಂದೇ ಬೀಸಿಗೆ ಗುಡಿಸುವುದು. ಅಪ್ಪ ಇದಕ್ಕೆ ‘ಕಸ ಕೊನೆಗೆ’ ಎನ್ನುತ್ತಿದ್ದ.

ಅವಳು ಸೇರಿದ ಮೊದಲ ವಸಂತದ ಖರೀದಿಯ ಕೊನೆಯ ದಿನ ಪೂರ್ವದಂಡೆ ತಂಡದ ಸರದಿ. ತಂಡದ ಗೂಡುಗಳಿಗೆಲ್ಲ ಯಜಮಾನಿ ಟಾನ್ ಅಜ್ಜಿ, ಮೇಜಿಗೆ ಗಲ್ಲ ಊರಿಕೊಂಡು ನಿಂತಿದ್ದಳು. ಅವಳ ಹಿಂದೆ ತಿಂಗಳಿಡೀ ಬಾಯಿ ಕಟ್ಟಿಕೊಂಡಿದ್ದ ಇಡೀ ದಂಡೆ. ತೂಕದವನು ಬುಟ್ಟಿಗಳನ್ನು ಕೂಗುತ್ತಾ ಹೋದ, ಎರಡು ಚೌಕಟ್ಟುಗಳು ಆಲಿಕಲ್ಲಿನಂತೆ ಸದ್ದು ಮಾಡಿದವು. ಕೊನೆಯ ಬುಟ್ಟಿ ಆಯಿತು. ಯೆನ್ ಮೇಷ್ಟ್ರು, “ಎಂಟು ನೂರ ನಲವತ್ತೇಳು ಜಿನ್, ಎರಡು ಲಿಯಾಂಗ್,” ಎಂದು ಹೇಳಿ ಪಕ್ಕಕ್ಕೆ ಕಣ್ಣು ಹಾಯಿಸಿದರು. ಗುಯಿಬಾವ್‌ಳ ಚೌಕಟ್ಟಿನಲ್ಲಿ ಎಂಟು ನೂರ ನಲವತ್ತಾರು. ಲಿಯಾಂಗಿನ ಕಂಬಿಯಲ್ಲಿ ಹನ್ನೆರಡು. ಅವಳು ಗುಡಿಸಲೆಂದು ಬೆರಳು ಎತ್ತಿದ್ದಳು, ಅಷ್ಟೆ. ಮೇಷ್ಟ್ರ ಕೈ ಮೇಜಿನ ಮೇಲೆ ಹಾದು ಬಂತು, ಅವಳ ಅಪ್ಪನ ಚೌಕಟ್ಟನ್ನು ಹಿಡಿಯಿತು, ಓರೆ ಮಾಡಿ ಒಂದು ಸಲ ಕೊಡವಿತು. ಮಣಿಗಳೆಲ್ಲ ಸರ್ರೆಂದು ಮನೆ ಸೇರಿದವು.

“ಇನ್ನೊಂದ್ಸಲ ಮಾಡೋಣ ತಾಯಿ,” ಎಂದರು ಮೇಷ್ಟ್ರು, ತುಂಬಾ ಮೆಲ್ಲಗೆ.

ಗುಯಿಬಾವ್‌ಗೆ ಒಂದು ಕ್ಷಣ ತನ್ನ ತಲೆಯನ್ನೇ ಯಾರೋ ಓರೆ ಮಾಡಿ ಕೊಡವಿದಂತಾಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ತೂಕದವನು ಎರಡನೇ ಸಲ ಕೂಗತೊಡಗಿದ್ದ. ಅವಳು ಕೂಡಿಸಿದಳು. ಅವಳಿಗೂ ಎಂಟು ನೂರ ನಲವತ್ತೇಳು, ಎರಡು ಬಂತು. ಜನ ಹೋ ಎಂದರು. ಟಾನ್ ಅಜ್ಜಿ, “ಮೇಷ್ಟ್ರು ತಿದ್ದಿದ ಮೇಲೆ ಸರಿ ಬಂತು ನೋಡು,” ಎಂದು ಪಕ್ಕದವಳಿಗೆ ಹೇಳಿದಳು.

“ಮೊದಲೂ ಅದೇ ಇತ್ತು,” ಎಂದಳು ಗುಯಿಬಾವ್.

“ಇತ್ತಮ್ಮ, ಇತ್ತು,” ಎಂದಳು ಅಜ್ಜಿ, ಮಕ್ಕಳಿಗೆ ಹೇಳುವ ದನಿಯಲ್ಲಿ.

ಇಲ್ಲಿಂದ ಶುರುವಾಯಿತು ಆ ಮಹಾಕೋಪ. ತಪ್ಪು ಮಾಡಿದ್ದರೆ ಗುಯಿಬಾವ್ ಒಂದು ವಾರ ಕೂಗಾಡಿ ಮರೆತುಬಿಡುತ್ತಿದ್ದಳು. ತಪ್ಪು ಮಾಡಿರಲಿಲ್ಲ. ಆದರೆ ಮಾಡಿಲ್ಲ ಎಂದು ತೋರಿಸಲು ಜಗತ್ತಿನಲ್ಲಿ ಏನೂ ಉಳಿದಿರಲಿಲ್ಲ. ಮಣಿಗಳಿಗೆ ನೆನಪಿಲ್ಲ, ಕೊಡವಿದರೆ ಮುಗಿಯಿತು. ಆ ಲೆಕ್ಕವನ್ನು ನೋಡಿದ್ದು ಎರಡೇ ಜೊತೆ ಕಣ್ಣು, ಅದರಲ್ಲಿ ಒಂದು ಜೊತೆ ಮೇಷ್ಟ್ರದು. ಅವರ ಬಾಯಿಂದ, ಹತ್ತು ಜನರೆದುರು, ‘ನಿನ್ನದು ಸರಿಯಾಗಿತ್ತು’ ಎಂಬ ಮಾತು ಬರಬೇಕು. ಅವಳಿಗೆ ಬೇಕಾದದ್ದು ಇಷ್ಟೆ. ಬಾಯಿ ಬಿಟ್ಟು ಕೇಳುವುದಂತೂ ಇಲ್ಲ. ಕೇಳಿ ಪಡೆದದ್ದು ಭಿಕ್ಷೆ ಎಂದು ಮಿನ್ ಮನೆತನದ ನಂಬಿಕೆ.

ಉರಿಗೆ ಎಣ್ಣೆ ಸುರಿದವಳು ಮೇಷ್ಟ್ರ ಹೆಂಡತಿ ಅಶಿಂಗ್. ಸೇತುವೆಯ ಬುಡದಲ್ಲಿ ಅವಳ ಚಹಾ ಅಂಗಡಿ. ಹೊಗೆಯಲ್ಲಿ ಒಣಗಿಸಿದ ಹಸಿರು ಕಾಳು ಹಾಕಿದ ಚಹಾ ಕುಡಿಯಲು ಇಡೀ ಪೇಟೆ ಅಲ್ಲಿಗೇ ಬರಬೇಕು. “ನಮ್ಮೋರು ಯಾರಿಗೂ ಹೇಳಬೇಡ ಅಂದಿದಾರೆ,” ಎಂದು ಅಶಿಂಗ್ ಮೊದಲ ಮೇಜಿನವರಿಗೆ ಹೇಳಿದಳು. “ಪಾಪ, ಮದ್ದಿನಂಗಡಿ ಕೈ ನೋಡಿ. ಹದಿನಾರಕ್ಕೆ ಸಾಗಿಸೋ ಚಾಳಿ ಹೋಗಿಲ್ಲ. ಹನ್ನೆರಡು ಲಿಯಾಂಗ್ ಅಂತ ಎಲ್ಲರೆದುರು ಓದಿಬಿಟ್ಟಿದ್ರೆ ಮಾನ ಹೋಗ್ತಿತ್ತು. ಅದಕ್ಕೇ ಇವರು ಕೊಡವಿ ಮುಚ್ಚಿಹಾಕಿದ್ರು.” ಎರಡನೇ ಮೇಜಿಗೂ ಇದನ್ನೇ ಹೇಳಿದಳು, ಯಾರಿಗೂ ಹೇಳಬೇಡ ಎಂಬುದನ್ನೂ ಸೇರಿಸಿ. ಸಂಜೆಯ ಹೊತ್ತಿಗೆ ಗುಯಿಬಾವ್‌ಗೆ ಹೊಸ ಹೆಸರು ಬಂದಿತ್ತು: ಹದಿನಾರು ಲಿಯಾಂಗಿನ ಅಕ್ಕ. ತರಕಾರಿಯವನು ಈರುಳ್ಳಿ ತೂಗುತ್ತಾ, “ಯಾವ ಲೆಕ್ಕದಲ್ಲಿ ಕೊಡ್ಲಿ ಅಕ್ಕಾ, ಹಳೇದೋ ಹೊಸದೋ?” ಎಂದು ಕೇಳಿದ. ಅವಳು ಅವನ ತಕ್ಕಡಿಯನ್ನು ಕಾಲುವೆಗೆ ಎಸೆದಳು. ಗಂಡ ದೋಣಿಯಲ್ಲಿ ಹೋಗಿ ಮುಳುಗಿ ತೆಗೆದುಕೊಟ್ಟ.

ಆ ಮೇಲೆ ಹತ್ತು ವರ್ಷಕ್ಕೂ ಮಿಕ್ಕಿ ಅವಳು ಮೇಷ್ಟ್ರೊಡನೆ ಅಂಕಿಗಳಲ್ಲದೆ ಬೇರೇನೂ ಮಾತಾಡಲಿಲ್ಲ. ಅಂಕಿಗಳಲ್ಲೇ ಬೈಯುವುದನ್ನು ಕಲಿತಳು. ‘ಮುನ್ನೂರ ಹನ್ನೊಂದು’ ಎಂಬುದನ್ನು ಅವಳು ಉಚ್ಚರಿಸುವ ರೀತಿಗೆ ಹೊಸದಾಗಿ ಬಂದ ಗುಮಾಸ್ತರು ತಲೆ ತಗ್ಗಿಸುತ್ತಿದ್ದರು. ಮೇಷ್ಟ್ರು ಮಾತ್ರ ಉಪಕಾರ ಮಾಡಿ ಮರೆತ ದೊಡ್ಡವರ ಮುಖ ಹೊತ್ತು, ದಿನವೂ ಅವಳ ಕಡೆ ಒಂದು ಕ್ಷಮೆಯ ನಗೆ ಬೀರುತ್ತಿದ್ದರು. ಆ ನಗೆಯನ್ನು ಕಂಡರೆ ಅವಳಿಗೆ ಮೈಯೆಲ್ಲ ತುರಿಕೆ. ರೇಷ್ಮೆಕೂಸಿನ ತಿಂಗಳಲ್ಲಿ ಅವಳು ಕಾಲುವೆಯ ಆಚೆ ಹಿಪ್ಪುನೇರಳೆ ತೋಟದ ತುದಿಗೆ ನಡೆದು ಹೋಗಿ, ಅಲ್ಲಿ ಕೂಸುಗಳಿಗೆ ಕೇಳದಷ್ಟು ದೂರದಲ್ಲಿ, ಒಂದು ಗಿಡವನ್ನು ಯೆನ್ ಬೋಚೆಂಗ್ ಎಂದು ನಿಲ್ಲಿಸಿಕೊಂಡು ಬೈದು ಬರುತ್ತಿದ್ದಳು. ಆ ಗಿಡ ಯಾಕೋ ಉಳಿದವಕ್ಕಿಂತ ಸೊಂಪಾಗಿ ಬೆಳೆಯಿತು. ಅದೂ ಅವಳಿಗೆ ಸಿಟ್ಟು.

ಮೇಷ್ಟ್ರಿಗೆ ನಿವೃತ್ತಿಯ ವಸಂತ ಬಂತು. ಕಟ್ಟೆಯ ಯಜಮಾನ ಗಾವ್ ಮೇಜುಗಳನ್ನು ಒರೆಸಿಸಿದ, ಕಾಳಿನ ಚಹಾ ಮಾಡಿಸಿದ, ಭಾಷಣ ಬರೆಸಿದ. ದಂಡೆಯವರೆಲ್ಲ ಬಂದರು, ಟಾನ್ ಅಜ್ಜಿಯನ್ನು ಇಬ್ಬರು ಕುರ್ಚಿಯಲ್ಲಿ ಹೊತ್ತು ತಂದರು. ಅಶಿಂಗ್ ಹೊಸ ನೀಲಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಳು. ಕಟ್ಟೆಯಲ್ಲಿ ಹಿಂದಿನಿಂದ ಬಂದ ಪದ್ಧತಿಯೊಂದಿದೆ. ಬಿಟ್ಟು ಹೋಗುವವರು ತಮ್ಮ ಕೊನೆಯ ಲೆಕ್ಕವನ್ನು ಚೌಕಟ್ಟಿನಲ್ಲಿ ನಿಲ್ಲಿಸಿ ಜೋಡಿಯ ಮುಂದೆ ಇಡುತ್ತಾರೆ. ಜೋಡಿ ಅದನ್ನು ಎತ್ತಿ, ಎಲ್ಲರೆದುರು ಕೊಡವಿ, ಖಾಲಿ ಮಾಡಿ ಕೈಗೆ ಕೊಡಬೇಕು. ಬೇರೆಯವರ ಚೌಕಟ್ಟನ್ನು ಕೊಡವಲು ಅಪ್ಪಣೆ ಇರುವುದು ಅದೊಂದೇ ಸಲ. ಕೊಡವಿದ ಮೇಲೆ ಋಣ ಮುಗಿಯಿತು, ಮನೆಗೆ ಹೋಗಬಹುದು. ಕೊಡವುವವರೆಗೆ ಅವರು ಕೆಲಸದಲ್ಲಿದ್ದಾರೆ ಎಂದೇ ಅರ್ಥ.

ಮೇಷ್ಟ್ರು ತಮ್ಮ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತಂದು ಗುಯಿಬಾವ್‌ಳ ಮುಂದೆ ಇಟ್ಟರು. ಕೆಂಪು ದಾರ ಬಣ್ಣ ಕಳೆದುಕೊಂಡಿತ್ತು, ಬಿಗಿ ಮಾತ್ರ ಹಾಗೇ ಇತ್ತು. ಅವಳು ಕೈ ಎತ್ತಲಿಲ್ಲ.

“ಗುಯಿಬಾವಕ್ಕ, ಕೊಡವಿ,” ಎಂದ ಗಾವ್.

“ನಾನು ಬೇರೆಯವರದ್ದನ್ನ ಮುಟ್ಟೋಳಲ್ಲ.”

“ಇವತ್ತು ಮುಟ್ಟಬಹುದು ಅಕ್ಕ, ಪದ್ಧತಿ ಇದೆ.”

“ಅವತ್ತೂ ಒಂದು ಪದ್ಧತಿ ಇತ್ತು. ಮುಟ್ಟಬಾರದು ಅಂತ.” ಅವಳು ಮೇಷ್ಟ್ರ ಕಡೆ ತಿರುಗಿದಳು. ಅಂಕಿಯಲ್ಲದ ಮಾತು ಅವರ ಮೇಲೆ ಬಿದ್ದದ್ದು ಅಷ್ಟು ವರ್ಷಗಳ ಮೇಲೆ ಅದೇ ಮೊದಲು. “ಅವತ್ತು ನನ್ನ ಚೌಕಟ್ಟಲ್ಲಿ ಏನಿತ್ತು?”

ಸಭೆ ಚಹಾ ಹೀರುವುದನ್ನು ನಿಲ್ಲಿಸಿತು. ಮೇಷ್ಟ್ರು ಆ ಕ್ಷಮೆಯ ನಗೆಯನ್ನು ತಂದುಕೊಂಡು, ಬಗ್ಗಿ, ಅವಳಿಗೆ ಮಾತ್ರ ಕೇಳುವಂತೆ, “ಬೇಡ ತಾಯಿ. ಮುಚ್ಚಿಹೋಗಿದ್ದು ಮುಚ್ಚಿರಲಿ. ನಿಮ್ಮ ಒಳ್ಳೇದಕ್ಕೇ ಮಾಡಿದ್ದು,” ಎಂದರು.

“ಗಟ್ಟಿಯಾಗಿ ಹೇಳು,” ಎಂದಳು ಗುಯಿಬಾವ್. ‘ನೀವು’ ಎಂಬುದು ಅಲ್ಲೇ ಬಿದ್ದುಹೋಯಿತು. “ನಿನ್ನ ಹೆಂಡತಿ ಚಹಾ ಜೊತೆ ಊರಿಗೆಲ್ಲ ಹಂಚಿದಾಳೆ. ಮುಚ್ಚಿರೋದು ಎಲ್ಲಿ?”

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಅಶಿಂಗ್ ತನ್ನ ಅಂಗಿಯ ಗುಂಡಿಗಳನ್ನು ನೋಡಿಕೊಳ್ಳುತ್ತಿದ್ದಳು. ಈ ವಿಷಯ ಊರಿಗೆ ಗೊತ್ತಿದೆ ಎಂಬುದು ಊರಿನಲ್ಲಿ ಮೇಷ್ಟ್ರೊಬ್ಬರಿಗೆ ಗೊತ್ತಿರಲಿಲ್ಲ.

“ನಾನು ಇವಳೊಬ್ಬಳಿಗೆ ಹೇಳಿದ್ದು...” ಎಂದು ತೊಡಗಿ ಮೇಷ್ಟ್ರು ನಿಲ್ಲಿಸಿದರು. ಬೆವರು ಒರೆಸಿಕೊಂಡರು. ಆಮೇಲೆ ನ್ಯಾಯವಂತನ ದನಿ ತೆಗೆದರು. “ಸರಿ. ಕೇಳಿದೀರಿ, ಹೇಳ್ತೀನಿ. ಜಿನ್ ಕಂಬಿಯಲ್ಲಿ ಎಂಟು ನೂರ ನಲವತ್ತಾರು. ಲಿಯಾಂಗಿನ ಕಂಬಿಯಲ್ಲಿ ಹನ್ನೆರಡು. ನಾನು ನೋಡಿದ್ದು ಇದು. ಹದಿನಾರರ ಚಾಳಿ ಅಂತ ಗೊತ್ತಾಯ್ತು. ಹೆಣ್ಣುಮಗಳ ಮಾನ ಹೋಗೋದು ಬೇಡ ಅಂತ...”

“ಇಡು.”

“ಏನು?”

“ಅದನ್ನ ನಿನ್ನ ಚೌಕಟ್ಟಲ್ಲಿ ಇಡು. ಎಲ್ಲರೂ ನೋಡ್ಲಿ.”

ಮೇಷ್ಟ್ರು ಚೌಕಟ್ಟನ್ನು ತಮ್ಮ ಕಡೆ ಎಳೆದುಕೊಂಡು ತಮ್ಮ ಕೊನೆಯ ಲೆಕ್ಕವನ್ನು ತಾವೇ ಅಳಿಸಿದರು. ಎಂಟು ಇಟ್ಟರು, ನಾಲ್ಕು ಇಟ್ಟರು, ಆರು ಇಟ್ಟರು. ಲಿಯಾಂಗಿನ ಕಂಬಿಗೆ ಬಂದರು. ಮೇಲಿನ ಒಂದು ಮಣಿ ಇಳಿಯಿತು. ಎರಡನೆಯದು ದಾರದಲ್ಲಿತ್ತು.

ಗುಯಿಬಾವ್ ಗೂಡಿನ ಚೀಲ ಕತ್ತರಿಸುವ ಕತ್ತರಿಯನ್ನು ಮೇಜಿನ ಮೇಲೆ ಟಪ್ಪೆಂದು ಇಟ್ಟಳು.

ಅಷ್ಟು ವರ್ಷ ತಮ್ಮ ಪಂಥದ ಬಾವುಟವಾಗಿದ್ದ ದಾರವನ್ನು ಮೇಷ್ಟ್ರು ತಾವೇ ಕತ್ತರಿಸಬೇಕಾಯಿತು. ಮಣಿ ಅಂಟಿಕೊಂಡಿತ್ತು, ಉಗುರಿನಿಂದ ಎಬ್ಬಿಸಿ ಇಳಿಸಿದರು. ಕೆಳಗೆ ಎರಡು ಏರಿಸಿದರು. ಹನ್ನೆರಡು.

“ಹದಿನಾರರ ಚಾಳಿ ನನಗಿದ್ದಿದ್ರೆ,” ಎಂದಳು ಗುಯಿಬಾವ್, ಮೇಷ್ಟ್ರನ್ನು ಬಿಟ್ಟು ಸಭೆಗೆ, “ಅಷ್ಟೊಂದು ಬುಟ್ಟಿಗೆ ಹದಿನಾರರ ಹಾಗೆ ಸಾಗಿಸ್ತಾ ಬಂದಿದ್ರೆ, ಜಿನ್ ಕಂಬಿಯಲ್ಲಿ ನಲವತ್ತಾರು ಹೇಗೆ ನಿಲ್ಲುತ್ತೆ? ಹತ್ತಕ್ಕೆ ಬದಲು ಹದಿನಾರು ತುಂಬಿದ ಮೇಲೆ ಸಾಗಿಸಿದ್ರೆ ಜಿನ್ ಕಡಿಮೆ ಬೀಳ್ತಿತ್ತು. ಆ ಹನ್ನೆರಡು ಕೊನೇ ಕಸ. ಗುಡಿಸೋಕೆ ಬೆರಳು ಎತ್ತಿದ್ದೆ. ಈಗ ನೀನೇ ಗುಡಿಸು.”

ಮೇಷ್ಟ್ರು ಮಣಿಗಳನ್ನೇ ನೋಡುತ್ತಾ ನಿಂತರು. ಮನಸ್ಸು ಇನ್ನೂ ಒಪ್ಪಿರಲಿಲ್ಲ. ಆದರೆ ಬೆರಳುಗಳಿಗೆ ಅಭ್ಯಾಸವಿತ್ತು. ತುಂಬಿದ ಕಂಬಿಯನ್ನು ನೋಡಿಕೊಂಡು ಸುಮ್ಮನಿರುವುದು ಆ ಶುಭ್ರ ಬೆರಳುಗಳಿಂದ ಆಗುವ ಕೆಲಸವಲ್ಲ. ತೋರುಬೆರಳು ಮುಂದೆ ಬಂತು, ಮೇಲಿನ ಎರಡು ಮಣಿ ಹಾರಿಸಿತು. ಹೆಬ್ಬೆರಳು ಪಕ್ಕದ ಕಂಬಿಗೆ ಒಂದು ಏರಿಸಿತು. ಎಂಟು ನೂರ ನಲವತ್ತೇಳು. ಎರಡು.

ಕಟ್ಟೆಯ ಬೆಕ್ಕು ಕೂಡ ಎದ್ದು ಕೂತಿತು.

“ಅಯ್ಯೋ,” ಎಂದಳು ಟಾನ್ ಅಜ್ಜಿ ಕುರ್ಚಿಯಿಂದ, “ಹಂಗಾದ್ರೆ ಮೊದಲೂ ಅದೇ ಇತ್ತಾ?”

“ನಾನು ಅವತ್ತೇ ಹೇಳಿದ್ದೆ ಅಜ್ಜಿ.”

“ಹೇಳಿದ್ದೆ. ನಾನು ‘ಇತ್ತಮ್ಮ, ಇತ್ತು’ ಅಂದಿದ್ದೆ.” ಅಜ್ಜಿ ಮೇಷ್ಟ್ರ ಕಡೆ ಊರುಗೋಲು ತೋರಿಸಿದಳು. “ಎಂಥಾ ಕೆಲಸ ಮಾಡಿದ್ಯೋ.”

ಮೇಷ್ಟ್ರು ಕೊನೆಗೆ, “ನಿಮ್ಮದು ಸರಿಯಾಗಿತ್ತು,” ಎಂದರು. ಎಲ್ಲರಿಗೂ ಕೇಳುವಂತೆಯೇ ಹೇಳಿದರು. ಅವರ ಪ್ರಾಮಾಣಿಕತೆಯ ಬಗ್ಗೆ ಯಾರೂ ಬೆರಳು ತೋರಿಸುವಂತಿಲ್ಲ.

ಇಲ್ಲಿ ಗುಯಿಬಾವ್‌ಳ ಕಣ್ಣು ಒದ್ದೆಯಾಗಬೇಕು, ಕೈ ಮೇಲೇಳಬೇಕು, ಚೌಕಟ್ಟು ಸರ್ರೆಂದು ಖಾಲಿಯಾಗಬೇಕು ಎಂದು ಗಾವ್ ಎಣಿಸಿದ್ದ. ಭಾಷಣದ ಕೊನೆಯ ಸಾಲನ್ನು ಬಾಯಲ್ಲಿ ಸಿದ್ಧ ಮಾಡಿಕೊಂಡಿದ್ದ. ಆದರೆ ಅವಳ ಮುಖ ಕೆಂಪಾಯಿತು. ಕೇಳಬೇಕೆಂದು ಅಷ್ಟು ಕಾಲ ಕಾದ ಮಾತು ಕಿವಿಗೆ ಬಿದ್ದ ಮೇಲೆ ಗೊತ್ತಾದದ್ದೇನೆಂದರೆ, ಅದು ಸಾಲದು.

“ಸರಿಯಾಗಿತ್ತು ಅನ್ನೋದು ನನಗೆ ಗೊತ್ತಿತ್ತು,” ಎಂದಳು. “ತಪ್ಪೇ ಆಗಿದ್ರೂ ಅದು ನನ್ನ ತಪ್ಪು. ನನ್ನ ಅಪ್ಪನ ಚೌಕಟ್ಟಲ್ಲಿ, ನನ್ನ ಬೆರಳು ಮಾಡಿದ ತಪ್ಪು. ಅದನ್ನ ಓದಿ ನಗೆಪಾಟಲಾಗೋಕೂ ನನಗೆ ಹಕ್ಕಿತ್ತು. ನನ್ನ ಮಾನ ಕಾಯೋಕೆ ನಿನ್ನನ್ನ ಕರೆದೋರ್ಯಾರು?”

ಗುಯಿಬಾವ್ ಅವರ ಚೌಕಟ್ಟನ್ನು ಎತ್ತಿದಳು. ಒಂದು ಮಣಿಯೂ ಅಲುಗದಂತೆ, ತುಂಬಿದ ಬಟ್ಟಲನ್ನು ಒಯ್ಯುವ ಹಾಗೆ ಒಯ್ದು, ಬಾಗಿಲೆದುರಿನ ಕಪಾಟಿನ ಮೇಲೆ, ಒಳಗೆ ಬರುವವರ ಕಣ್ಣಿಗೆ ಮೊದಲು ಬೀಳುವಲ್ಲಿ ಇಟ್ಟಳು.

“ಯಾರಾದ್ರೂ ಮುಟ್ಟಿದ್ರೆ ಕೈ ಮುರೀತೀನಿ,” ಎಂದಳು.

“ಹಾಗಂದ್ರೆ,” ಎಂದ ಗಾವ್ ಕಾಗದ ಮಡಚುತ್ತಾ, “ಮೇಷ್ಟ್ರು ಮನೆಗೆ ಹೋಗೋದು ಹೇಗೆ?”

“ಕೊಡವೋವರೆಗೆ ಕೆಲಸದಲ್ಲಿರ್ತಾರೆ. ಪದ್ಧತಿ ಅಲ್ವಾ?”

ಅಶಿಂಗ್ ಎದ್ದು ನಿಂತಳು. “ಏನೇ ಗುಯಿಬಾವ್, ನನ್ನ ಗಂಡನ್ನ ಯಾವಾಗ ಬಿಡ್ತೀಯೆ?”

“ನೀನು ಯಾವ್ಯಾವ ಮೇಜಿಗೆ ನನ್ನ ಹದಿನಾರು ಲಿಯಾಂಗನ್ನ ಹಂಚಿದೀಯೋ, ಅಷ್ಟೂ ಮೇಜಿಗೆ ಹೋಗಿ ವಾಪಸ್ ತಗೊಂಡು ಬಾ. ಆಮೇಲೆ ನೋಡ್ತೀನಿ.”

ಹಾಗಾಗಿ ಆ ಬೇಸಿಗೆಯಲ್ಲೂ, ಶರತ್ಕಾಲದ ಗೂಡಿನ ಹೊತ್ತಿನಲ್ಲೂ ಯೆನ್ ಮೇಷ್ಟ್ರು ಶುಭ್ರ ಕಾಲರು ಹಾಕಿಕೊಂಡು ಬೆಳಗ್ಗೆ ಬಂದು, ಚೌಕಟ್ಟಿಲ್ಲದ ಮೇಜಿನ ಮುಂದೆ ಕೂರುತ್ತಿದ್ದರು. ಅವರ ಜಾಗಕ್ಕೆ ಬಂದ ಗುಮಾಸ್ತನಿಗೆ ಕ್ಯಾಲ್ಕುಲೇಟರ್ ಕೊಟ್ಟಿದ್ದರು. ಅದರಲ್ಲಿ ಮೇಲಿನ ಮಣಿ ಇಲ್ಲ ಎಂಬುದನ್ನು ಮೇಷ್ಟ್ರು ಒಮ್ಮೆ ಮೆಚ್ಚಿ ಆಡಿದ್ದಕ್ಕೆ ಗುಯಿಬಾವ್ ಅರ್ಧ ದಿನ ಬೈದಳು. ಈಗ ಬೈಗುಳಕ್ಕೆ ಅಂಕಿಯ ಹಂಗಿರಲಿಲ್ಲ, ಪೂರಾ ಮಾತುಗಳಲ್ಲಿ ಬೈಯುತ್ತಿದ್ದಳು. ಮೇಷ್ಟ್ರೂ ಬರಬರುತ್ತಾ ತಿರುಗಿ ಬೈಯುವುದನ್ನು ಕಲಿತರು, ಅದರಲ್ಲೂ ಶುಭ್ರವಾಗಿಯೇ. ಸೇತುವೆಯ ಬುಡದಲ್ಲಿ ಅಶಿಂಗ್ ಒಂದೊಂದು ಮೇಜಿಗೂ ಚಹಾ ಇಟ್ಟು, “ಹಿಂದೆ ನಾನು ಹೇಳಿದ್ದು ಸುಳ್ಳು, ಗುಯಿಬಾವ್‌ಳ ಲೆಕ್ಕ ಸರಿಯಾಗಿತ್ತು,” ಎನ್ನುತ್ತಿದ್ದಳು. ಜನ ಮತ್ತೊಮ್ಮೆ ಕೇಳುವ ಆಸೆಗೆ ಮೇಜು ಬದಲಿಸಿ ಕೂರುತ್ತಿದ್ದರು.

ಒಂದು ಸಂಜೆ ಕಟ್ಟೆ ಮುಚ್ಚುವ ಹೊತ್ತಿಗೆ ಗುಯಿಬಾವ್ ಕಪಾಟಿನ ಬಳಿ ಹೋಗಿ ಚೌಕಟ್ಟನ್ನು ಎರಡೂ ಕೈಯಲ್ಲಿ ಎತ್ತಿದಳು. ಮೇಷ್ಟ್ರು ಕುರ್ಚಿಯಿಂದ ಎದ್ದು ಕಾಲರು ಸರಿಮಾಡಿಕೊಂಡರು. ಅವಳು ಅದರ ಕೆಳಗಿನ ಧೂಳನ್ನು ಬಟ್ಟೆಯಿಂದ ಒರೆಸಿ, ಎಂಟು ನೂರ ನಲವತ್ತೇಳು ಜಿನ್ ಎರಡು ಲಿಯಾಂಗನ್ನು ಇದ್ದ ಹಾಗೇ ಮೊದಲಿನ ಜಾಗದಲ್ಲಿಟ್ಟಳು.

“ಅಶಿಂಗ್‌ಗೆ ಇನ್ನು ಎಷ್ಟು ಮೇಜು ಉಳಿದಿದೆ?” ಎಂದು ಕೇಳಿದಳು.

“ಕಿಟಕಿ ಪಕ್ಕದ್ದೊಂದು ಅಂತಿದ್ಲು.”

“ಆ ಮೇಜಿನೋರು ದೂರದ ಊರಿನ ದೋಣಿಯವರು. ವರ್ಷಕ್ಕೊಂದು ಸಲ ಬರೋದು,” ಎಂದಳು ಗುಯಿಬಾವ್, ಬೀಗ ಹಾಕುತ್ತಾ. “ನಾಳೆ ಬೇಗ ಬನ್ನಿ. ಬುಟ್ಟಿ ಜಾಸ್ತಿ ಇದೆ.”